ಎರ್ಮೆಸ್ ಕಂಡ ಮೊಲ

ನಮ್ಮ ಕಾಸಾಲ್ವೆರ್ದೆಯಲ್ಲಿ ಬೇಟೆಗೆ ಹೋದವರು ಮೊಲ ಹೊಡೆದುಕೊಂಡು ಬಂದರೆ ಅದನ್ನು ಮೊಲ ಎನ್ನುವುದಿಲ್ಲ, ‘ಎರ್ಮೆಸನ ಸಾಕ್ಷಿ’ ಎನ್ನುತ್ತಾರೆ. ‘ಇವತ್ತು ಇಬ್ಬರು ಸಾಕ್ಷಿ ಸಿಕ್ಕರು’ ಎಂದರೆ ಆ ಮನೆಯಲ್ಲಿ ಭಾನುವಾರ ಗಟ್ಟಿ ಊಟ ಎಂದು ಅರ್ಥ. ಬೇರೆ ಊರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಗಾಬರಿಯಾಗುತ್ತಾರೆ. ಆಮೇಲೆ ಅವರೂ ಹಾಗೇ ಹೇಳಲು ಕಲಿಯುತ್ತಾರೆ.

ಎರ್ಮೆಸ್ ಜನಾಸಿ ನನಗಿಂತ ಎರಡು ವರ್ಷ ದೊಡ್ಡವನು. ಮೂವತ್ತಾರು ವರ್ಷ ಟೈಲ್ಸ್ ಕಾರ್ಖಾನೆಯಲ್ಲಿ ದುಡಿದ. ಕುಲುಮೆಯಿಂದ ಹೊರಬಂದು ಪಟ್ಟಿಯ ಮೇಲೆ ಸಾಲಾಗಿ ಸಾಗುವ ಟೈಲ್ಸ್ ನೋಡುತ್ತ ನಿಂತು, ಬಿರುಕು ಬಿಟ್ಟದ್ದರ ಮೇಲೆ ಒಂದು ಗೀಟು ಎಳೆಯುವುದು ಅವನ ಕೆಲಸ. ಕೂದಲೆಳೆಯಷ್ಟು ಬಿರುಕಿದ್ದರೂ ಅವನ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆದರೆ ಪಕ್ಕದಲ್ಲೇ ಹಗಲೂ ರಾತ್ರಿ ಮಣ್ಣು ಅದುಮುವ ಯಂತ್ರಗಳು ಧಡಧಡ ಎನ್ನುತ್ತಿದ್ದುದರಿಂದ ಮೂವತ್ತು ತುಂಬುವ ಹೊತ್ತಿಗೆ ಕಿವಿ ಅರ್ಧ ಹೋಗಿತ್ತು. ಅವನ ಹೆಂಡತಿ ವಿಲ್ಮಾ, ‘ಇವನಿಗೆ ಹದ್ದಿನ ಕಣ್ಣು, ಗೋಡೆಯ ಕಿವಿ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅದು ಅವನಿಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಸಂಸಾರ ಚೆನ್ನಾಗಿಯೇ ನಡೆಯಿತು.

ನಾನು ಲಾವುರೊ, ಊರಿನ ಕ್ಷೌರಿಕ. ನಾನೂ ಎರ್ಮೆಸನೂ ನಮ್ಮೂರಿನ ರೇಸ್ ಟ್ರ್ಯಾಕಿನಲ್ಲಿ ಕಾವಲಿನವರಾಗಿದ್ದೆವು. ಸಂಬಳವಿಲ್ಲದ ಕೆಲಸ. ಒಂದು ಕಿತ್ತಳೆ ಬಣ್ಣದ ಮೇಲಂಗಿ ಕೊಡುತ್ತಿದ್ದರು, ಮಧ್ಯಾಹ್ನಕ್ಕೆ ಹಂದಿಮಾಂಸದ ಹೋಳು ಇಟ್ಟ ಬ್ರೆಡ್ಡು ಕೊಡುತ್ತಿದ್ದರು, ಅಷ್ಟೇ. ಅದಕ್ಕೆ ಊರಿನ ಗಂಡಸರು ಮಗಳ ಮದುವೆಯ ದಿನವನ್ನಾದರೂ ಮುಂದೆ ಹಾಕುತ್ತಿದ್ದರೇ ಹೊರತು ರೇಸ್ ತಪ್ಪಿಸುತ್ತಿರಲಿಲ್ಲ. ಗಿರಣಿ ತಿರುವಿನ ಏಳನೇ ಕಾವಲುಗೂಡು ನಮ್ಮದು. ಎರ್ಮೆಸ್ ಬಾವುಟದವನು, ನಾನು ಬೆಂಕಿ ಆರಿಸುವ ಸಿಲಿಂಡರಿನವನು. ಗೂಡಿನೊಳಗೆ ನಿಂತವರು ಚಪ್ಪಾಳೆ ತಟ್ಟುವಂತಿಲ್ಲ, ಯಾರ ಹೆಸರನ್ನೂ ಕೂಗುವಂತಿಲ್ಲ. ನಮ್ಮವರ ಕೆಂಪು ಕಾರು ಮುಂದೆ ಹೋದರೂ ಒಂದೇ, ಹಿಂದೆ ಬಿದ್ದರೂ ಒಂದೇ ಎನ್ನುವ ಮುಖ ಮಾಡಿಕೊಂಡು ನಿಲ್ಲಬೇಕು. ಅದು ನನಗೆ ಒಂದು ದಿನವೂ ಸರಿಯಾಗಿ ಬರಲಿಲ್ಲ. ಎರ್ಮೆಸನಿಗೆ ಹುಟ್ಟಿನಿಂದ ಇದ್ದದ್ದೇ ಆ ಮುಖ.

ಈಗ ಆ ವರ್ಷದ ಮಾತು. ನಮ್ಮ ಸೀಮೆಯಲ್ಲೇ ಹುಟ್ಟಿದ ಅತ್ತೀಲಿಯೊ ವೆರ್ದೇರಿ ಕೆಂಪು ಕಾರು ಓಡಿಸುತ್ತಿದ್ದ. ಅವನ ಎದುರಾಳಿ ಹಾಲ್ಡನ್ ಎನ್ನುವ ಇಂಗ್ಲೆಂಡಿನವನು, ಬಿಳಿ ಕಾರು. ಇಬ್ಬರಿಗೂ ಮೂರು ವರ್ಷದಿಂದ ಎಣ್ಣೆ ಸೀಗೇಕಾಯಿ ಸಂಬಂಧ. ಮೊದಲ ವರ್ಷ ಹಾಲ್ಡನ್ ನಮ್ಮವನನ್ನು ಟ್ರ್ಯಾಕಿನ ಪಕ್ಕದ ಜಲ್ಲಿಗೆ ತಳ್ಳಿದ. ಮರುವರ್ಷ ನಮ್ಮವನು ಅವನನ್ನು ಗೋಡೆಗೆ ಒತ್ತಿ ಬಡ್ಡಿ ಸಮೇತ ತೀರಿಸಿದ. ಮೂರನೇ ವರ್ಷಕ್ಕೆ ಇಬ್ಬರೂ ಒಂದೇ ಹೋಟೆಲಿನಲ್ಲಿ ಇಳಿಯುವುದನ್ನೂ ಬಿಟ್ಟರು. ನಮ್ಮ ಊರಂತೂ ಆ ಜಗಳವನ್ನು ದತ್ತು ತೆಗೆದುಕೊಂಡಿತ್ತು. ನಮ್ಮಲ್ಲಿ ‘ಇಂಗ್ಲಿಷ್ ಸೂಪು’ ಎನ್ನುವ ಹೆಸರಿನ ಒಂದು ಸಿಹಿ ಇದೆ, ಕೇಕು ಮತ್ತು ಕೆನೆ ಸೇರಿಸಿ ಮಾಡುವುದು. ಬಾರಿನ ಯಜಮಾನಿ ದೋರಿನಾ ಆ ವರ್ಷ ಅದನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಬಾಯಿ ಚಪಲ ತಡೆಯಲಾರದವರು ಪಕ್ಕದೂರಿಗೆ ಕದ್ದು ಹೋಗಿ ತಿಂದು ಬರುತ್ತಿದ್ದರು. ನಾನೂ ಹೋಗಿದ್ದೇನೆ.

ಋತುವಿನ ಕೊನೆಯ ರೇಸು ಅಕ್ಟೋಬರಿನಲ್ಲಿ, ನಮ್ಮಲ್ಲೇ. ಲೆಕ್ಕ ಸರಳವಾಗಿತ್ತು: ಇಬ್ಬರಲ್ಲಿ ಯಾರು ಮುಂದೆ ಮುಗಿಸುತ್ತಾರೋ ಅವರಿಗೆ ವಿಶ್ವ ಚಾಂಪಿಯನ್ ಪಟ್ಟ. ಕೆಂಪು ಕಾರು ಗೆದ್ದಾಗ ಚರ್ಚಿನ ಗಂಟೆ ಬಾರಿಸುವುದು ನಮ್ಮೂರಿನ ಪದ್ಧತಿ. ಆ ದಿನ ಗಂಟೆಯ ಒರೆಸ್ತೆ ಕೊನೆಯ ಹತ್ತು ಸುತ್ತು ಇರುವಾಗಲೇ ಗೋಪುರ ಹತ್ತಿ, ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ಕೂತಿದ್ದನಂತೆ.

ಕೊನೆಯ ಸುತ್ತು. ವೆರ್ದೇರಿ ಮುಂದೆ, ಹಾಲ್ಡನ್ ಅವನ ಬಾಲಕ್ಕೇ ಅಂಟಿಕೊಂಡು ಹಿಂದೆ. ಗಿರಣಿ ತಿರುವು ದಾಟಿದರೆ ಒಂದು ನೇರ ದಾರಿ, ಆಮೇಲೆ ರೇಸ್ ಮುಗಿಯುವ ಗೆರೆ. ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ. ಬ್ರೆಡ್ಡು ಬಾಯಿಗೆ ಇಡಲು ಹೋದೆ, ಒಳಗಿನ ಮಾಂಸ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಜಗತ್ತಿನ ಕಣ್ಣೆಲ್ಲ ಆ ತಿರುವಿನ ಮೇಲಿರುವಾಗ ನನ್ನ ಕಣ್ಣು ಒಂದು ಹಂದಿಮಾಂಸದ ಹೋಳಿನ ಮೇಲಿತ್ತು. ಇದನ್ನು ಬರೆಯಲು ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬಗ್ಗಿದ್ದಾಗ ಎರ್ಮೆಸ್ ‘ಮೊಲ!’ ಎಂದದ್ದು ಕೇಳಿಸಿತು. ಬಾವುಟದ ಬಟ್ಟೆ ಪಟಪಟ ಎಂದದ್ದು ಕೇಳಿಸಿತು. ಅದಾದ ಮೇಲೆ ಕೆಂಪು ಕಾರಿನ ಎಂಜಿನ್ ಒಂದೇ ಒಂದು ಸಲ ಕಿರ್ರೆಂದು ಚೀರಿದ್ದು ಕೇಳಿಸಿತು. ಹೊಸದಾಗಿ ಕಾರು ಕಲಿಯುವವನು ಗೇರು ತಪ್ಪಿ ಎಲ್ಲೋ ಹಾಕಿದಾಗ ಚೀರುತ್ತದಲ್ಲ, ಹಾಗೆ. ನಾನು ತಲೆ ಎತ್ತುವ ಹೊತ್ತಿಗೆ ಎರ್ಮೆಸ್ ಹಳದಿ ಬಾವುಟ ಬೀಸುತ್ತಿದ್ದ, ಕೆಂಪು ಕಾರು ನಿಧಾನವಾಗಿತ್ತು, ಹಿಂದೆಯೇ ಬಿಳಿ ಕಾರು. ತಿರುವು ದಾಟಿ ನೇರ ದಾರಿಗೆ ಬಿದ್ದದ್ದೇ ತಡ ಬಿಳಿ ಕಾರು ಪಕ್ಕಕ್ಕೆ ಬಂದು ಮುಂದೆ ಹೋಯಿತು. ಗೆರೆಯಲ್ಲಿ ಎರಡು ಕಾರಿನ ಉದ್ದದಷ್ಟು ಅಂತರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒರೆಸ್ತೆ ಹಗ್ಗ ಬಿಚ್ಚಿಕೊಂಡು ಕೆಳಗಿಳಿದ.

ರೇಸಿನಲ್ಲಿ ಹಳದಿ ಎಂದರೆ ಮುಂದೆ ಅಪಾಯ, ವೇಗ ತಗ್ಗಿಸು, ಯಾರನ್ನೂ ದಾಟಬೇಡ ಎಂದು; ತಿರುವು ಮುಗಿದರೆ ಆ ಕಟ್ಟು ಮುಗಿಯಿತು. ಟಿವಿಯಲ್ಲಿ ಆ ಸಂಜೆ ನೂರು ಸಲ ತೋರಿಸಿದರು: ಬೀಸುತ್ತಿರುವ ಹಳದಿ ಬಾವುಟ, ನಿಧಾನವಾಗುತ್ತಿರುವ ಕೆಂಪು ಕಾರು. ವೀಕ್ಷಕ ವಿವರಣೆಗಾರನ ಅರಚಾಟದಲ್ಲಿ ಎಂಜಿನ್ನಿನ ಸದ್ದು ಯಾರಿಗೂ ಕೇಳಿಸಲಿಲ್ಲ. ಕ್ಯಾಮೆರಾ ಕಾರುಗಳ ಹಿಂದೆ ಹೋಗಿದ್ದರಿಂದ ಮೊಲವೂ ಕಾಣಿಸಲಿಲ್ಲ. ಕೆಂಪು ತಂಡದವರು, ‘ಹಳದಿ ಬಾವುಟದಿಂದ ಪಟ್ಟ ಹೋಯಿತು’ ಎಂದು ಒಂದೇ ವಾಕ್ಯ ಹೇಳಿದರು. ವೆರ್ದೇರಿ ಏನೂ ಹೇಳಲಿಲ್ಲ, ಹೆಲ್ಮೆಟ್ ತೆಗೆದು ಹೊರಟುಹೋದ. ಹಾಲ್ಡನ್‌ನನ್ನು ಕೇಳಿದರೆ, ‘ನಾನು ಎದುರಿನ ಕಾರಿನ ಹಿಂಭಾಗ ಬಿಟ್ಟು ಬೇರೇನೂ ನೋಡಲಿಲ್ಲ’ ಎಂದ.

ಪ್ರತಿ ಬಾವುಟಕ್ಕೂ ಗೂಡಿನವರು ಒಂದು ವರದಿ ಬರೆದುಕೊಡಬೇಕು. ಎರ್ಮೆಸ್ ಬರೆದ: ‘ಏಳನೇ ಗೂಡು. ಕೊನೆಯ ಸುತ್ತು. ದಾರಿಯ ಮೇಲೆ ಮೊಲ, ಒಂದು. ಹಳದಿ ಬೀಸಲಾಯಿತು. ಕಾರು ನಿಧಾನಿಸಿತು.’ ಅದರ ಕೆಳಗೆ ನಾನೂ ರುಜು ಹಾಕಬೇಕಿತ್ತು. ಅಧಿಕಾರಿ ಕೇಳಿದ, ‘ನೀನೂ ನೋಡಿದ್ಯೇನಯ್ಯಾ ಮೊಲಾನ?’ ನಾನು ‘ಇಲ್ಲ ಸ್ವಾಮಿ, ನಾನು ಬಗ್ಗಿದ್ದೆ’ ಎಂದೆ. ಚೀರಿದ ಸದ್ದಿನ ಬಗ್ಗೆ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಕತ್ತರಿ ಹಿಡಿದು ಬದುಕುವ ಮನುಷ್ಯ, ಊರಿನ ದೇವರಿಗೆ ಗೇರು ಹಾಕಲು ಬರಲಿಲ್ಲ ಎಂದು ಹೇಳಿ ಯಾರ ತಲೆಗೂದಲು ಕತ್ತರಿಸಲಿ? ಹೇಡಿತನ ಎನ್ನಿ, ಒಪ್ಪುತ್ತೇನೆ.

ಹಾಗೆ ಎರ್ಮೆಸ್ ಒಬ್ಬನೇ ಆದ. ಊರು ಅವನಿಗೆ ‘ಹಳದಿ’ ಎಂದು ಹೆಸರಿಟ್ಟಿತು. ‘ಲೇ ಹಳದಿ’ ಎಂದು ಯಾರೇ ಕರೆದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಕಿವಿ ಕೇಳಿಸದ್ದಕ್ಕೋ, ಮನಸ್ಸಿಲ್ಲದ್ದಕ್ಕೋ, ಕೇಳಿ ತಿಳಿದುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಮರುವರ್ಷ ಅದೇ ಭಾನುವಾರ ಬೇಟೆಗಾರರೆಲ್ಲ ಸೇರಿ ದೋರಿನಾಳ ಬಾರಿನಲ್ಲಿ ಮೊಲವನ್ನು ಕೆಂಪು ವೈನಿನಲ್ಲಿ ಬೇಯಿಸಿ, ಜೋಳದ ಮುದ್ದೆಯ ಜೊತೆ ಬಡಿಸಿದರು. ಎರ್ಮೆಸನನ್ನು ಕರೆದು ತಟ್ಟೆ ಮುಂದಿಟ್ಟು, ‘ಇದೇನಾ ನೋಡು, ಗುರುತು ಸಿಗುತ್ತಾ?’ ಎಂದರು. ಎರ್ಮೆಸ್ ತಟ್ಟೆಯನ್ನು ಚೆನ್ನಾಗಿ ನೋಡಿ, ‘ಅಲ್ಲ, ಅದು ಇದಕ್ಕಿಂತ ದೊಡ್ಡದಿತ್ತು’ ಎಂದು ಪಕ್ಕಕ್ಕೆ ಸರಿಸಿ, ತನಗೆ ಹೂರಣ ತುಂಬಿದ ಪುಟ್ಟ ಕಡುಬುಗಳ ಟೊರ್ಟೆಲ್ಲೀನಿ ಸಾರು ತರಿಸಿಕೊಂಡ. ಅದು ಪ್ರತಿ ವರ್ಷದ ಆಚರಣೆಯಾಗಿಬಿಟ್ಟಿತು. ಮೊಲದೂಟ ಎಂದು ಹೆಸರು. ವರ್ಷ ವರ್ಷ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಸಾರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಿಡಿಯದ ಮೊಲಕ್ಕೆ ನಾಲ್ಕು ಕಾಲಿತ್ತು ಎಂದು ಮೂವತ್ತು ವರ್ಷ ಹೇಳಿದವನು ಇವನೊಬ್ಬನೇ.

‘ಬರಬೇಡ ಕಣೋ, ಯಾಕೆ ಬಂದು ಉಗಿಸ್ಕೋತೀಯ?’ ಎಂದು ನಾನು ಒಮ್ಮೆ ಗಡ್ಡ ಹೆರೆಯುತ್ತ ಕೇಳಿದೆ. ಅವನ ಕಿವಿಯ ಹತ್ತಿರ ಕೂಗಬೇಕು.

‘ಬರದೇ ಇದ್ರೆ ಸುಳ್ಳು ಹೇಳಿದೆ ಅಂತ ಆಗುತ್ತಲ್ವಾ,’ ಎಂದ. ‘ಮೊಲ ಇತ್ತು. ಅದಕ್ಕೇ ಬರ್ತೀನಿ.’

ಇಷ್ಟು ಅವಮಾನವನ್ನು ಈ ಮನುಷ್ಯ ಹೇಗೆ ನುಂಗುತ್ತಾನೆ ಎನ್ನುವುದು ನನಗೆ ತಿಳಿದದ್ದು ಹತ್ತು ಹದಿನೈದು ವರ್ಷ ಕಳೆದ ಮೇಲೆ. ಅವನಿಗೆ ಹರ್ನಿಯಾ ಆಪರೇಷನ್ ಆಗಿತ್ತು, ಮನೆಗೇ ಹೋಗಿ ಗಡ್ಡ ಮಾಡಬೇಕಾಯಿತು. ಟವೆಲ್ ಬೇಕೆಂದೆ. ವಿಲ್ಮಾ ಅಡುಗೆಮನೆಯಿಂದ, ‘ಮೇಲಿನ ಖಾನೆ’ ಎಂದಳು. ನಾನು ಕೆಳಗಿನದು ಎಳೆದೆ. ಒಳಗೆ ಒಂದು ಬಿಸ್ಕತ್ತಿನ ಡಬ್ಬ, ಮುಚ್ಚಳ ತೆರೆದಿತ್ತು. ಅದರ ತುಂಬ ಪತ್ರಿಕೆಯಿಂದ ಕತ್ತರಿಸಿದ ತುಣುಕುಗಳು, ಎಲ್ಲವೂ ವೆರ್ದೇರಿಯವು. ರೇಸಿನದು ಒಂದೂ ಇಲ್ಲ. ವೆರ್ದೇರಿ ಮದುವೆಯಾದದ್ದು, ಮೊದಲ ಮಗಳು ಹುಟ್ಟಿದ್ದು, ಎರಡನೇ ಮಗಳು ಹುಟ್ಟಿದ್ದು, ರೇಸ್ ಬಿಟ್ಟು ದ್ರಾಕ್ಷಿ ತೋಟ ಮಾಡಿದ್ದು, ಅವನೂರ ಜಾತ್ರೆಯಲ್ಲಿ ವೈನಿಗೆ ಮೂರನೇ ಬಹುಮಾನ ಬಂದದ್ದು.

ವಿಲ್ಮಾ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ‘ಆ ಸ್ಪೀಡಲ್ಲಿ ನಾಲ್ಕು ಕೆಜಿ ಮೊಲ ಬಂದು ಹೆಲ್ಮೆಟ್ಟಿಗೆ ಬಡಿದ್ರೆ ಮನುಷ್ಯ ಉಳೀತಾನಾ ಲಾವುರೊ? ಇವನು ಹೇಳೋದು ಅಷ್ಟೇ. ಪಟ್ಟ ಹೋಯ್ತು, ಮನುಷ್ಯ ಉಳಿದ. ನನ್ನ ಬಾವುಟ ನೋಡಿ ನಿಧಾನ ಮಾಡಿದ್ದಕ್ಕೆ ಉಳಿದ ಅಂತ. ಬೈದವರು ಬೈಲಿ ಅಂತಾನೆ.’

ಆಗ ನನಗೆ ಹಳೆಯದೆಲ್ಲ ಹೊಳೆಯಿತು. ಒಂದು ಮಾರ್ಚಿನಲ್ಲಿ ಎರ್ಮೆಸ್ ಇದ್ದಕ್ಕಿದ್ದಂತೆ ಬಾರಿನಲ್ಲಿ ಎಲ್ಲರಿಗೂ ವೈನು ಕೊಡಿಸಿದ್ದ. ಯಾಕೋ ಎಂದರೆ, ‘ಹಲ್ಲುನೋವು ವಾಸಿ ಆಯ್ತು’ ಎಂದಿದ್ದ. ಎರಡು ವರ್ಷ ಬಿಟ್ಟು ಮತ್ತೆ ಕೊಡಿಸಿದಾಗ, ‘ಬೆಕ್ಕು ಮರಿ ಹಾಕ್ತು’ ಎಂದಿದ್ದ. ಅವನ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ನಾವು ವೈನು ಕುಡಿದು, ಹಳದಿಗೆ ತಲೆ ಕೆಟ್ಟಿದೆ ಎಂದು ನಕ್ಕಿದ್ದೆವು. ವೆರ್ದೇರಿಯ ಹೆಣ್ಣುಮಕ್ಕಳ ನಾಮಕರಣವನ್ನು ನಮ್ಮೂರು ಹಾಗೆ, ಗೊತ್ತಿಲ್ಲದೆ, ಬೈಯುತ್ತಲೇ ಆಚರಿಸಿತ್ತು.

ಆ ದಿನದಿಂದ ಆ ಚೀರಿದ ಸದ್ದು ನನ್ನೊಳಗೆ ಇನ್ನೂ ಭಾರವಾಯಿತು. ಮೊದಲು ಹೇಡಿತನಕ್ಕೆ ಸುಮ್ಮನಿದ್ದೆ. ಈಗ ಹೇಳಿದರೆ ಆ ಬಿಸ್ಕತ್ತಿನ ಡಬ್ಬದ ತಳ ಒಡೆಯುತ್ತದೆ ಎಂದು ಸುಮ್ಮನಾದೆ. ಸುಮ್ಮನಿರುವುದಂತೂ ತಪ್ಪಲಿಲ್ಲ.

ಮೂವತ್ತೊಂದನೇ ಮೊಲದೂಟಕ್ಕೆ ಎರಡು ವಾರ ಇರುವಾಗ ದೋರಿನಾ ನನ್ನ ಅಂಗಡಿಗೆ ಓಡಿಬಂದಳು. ಕೈಯಲ್ಲಿ ಕಾಗದ. ‘ವೆರ್ದೇರಿ ಬರ್ತಾರಂತೆ ಕಣೋ! ಊಟಕ್ಕೆ! ನಾಲ್ಕು ಮಾತಾಡ್ಬೇಕು, ಅವಕಾಶ ಮಾಡಿಕೊಡಿ ಅಂತ ಬರ್ದಿದ್ದಾರೆ.’

ಊರು ಹುಚ್ಚೆದ್ದಿತು. ಅಷ್ಟು ವರ್ಷ ಈ ಕಡೆ ತಲೆ ಹಾಕದ ಮನುಷ್ಯ ಈಗ ಬರುತ್ತಾನೆಂದರೆ ಹಳದಿಗೆ ಎಲ್ಲರ ಮುಂದೆ ಮುಖಕ್ಕೆ ಉಗಿಯುವುದಕ್ಕೇ ಎಂದು ತೀರ್ಮಾನವಾಯಿತು. ಬೇಟೆಗಾರರು ಒಂಬತ್ತು ಸಾಕ್ಷಿಗಳನ್ನು ಹೊಡೆದು ತಂದರು. ಒರೆಸ್ತೆಯ ಮಗ ಗಂಟೆಯ ಹಗ್ಗಕ್ಕೆ ಎಣ್ಣೆ ಹಚ್ಚಿದ, ಯಾತಕ್ಕೆ ಎಂದು ಅವನಿಗೂ ಗೊತ್ತಿರಲಿಲ್ಲ. ನಾನು ಎರ್ಮೆಸನ ಮನೆಗೆ ಹೋಗಿ, ‘ಈ ವರ್ಷವಾದ್ರೂ ಬರಬೇಡ’ ಎಂದು ಕೂಗಿದೆ. ಅವನು ಆಗಲೇ ಮದುವೆಯ ಕೋಟು ಹೊರತೆಗೆದು ಬಿಸಿಲಿಗೆ ಹಾಕಿದ್ದ.

‘ಅವರು ಥ್ಯಾಂಕ್ಸ್ ಹೇಳೋಕೆ ಬರ್ತಾ ಇದ್ದಾರೆ,’ ಎಂದ.

ಭಾನುವಾರ ಮಧ್ಯಾಹ್ನ. ಬಾರಿನಲ್ಲಿ ಕಾಲಿಡಲು ಜಾಗವಿಲ್ಲ. ವೆರ್ದೇರಿ ಹಿಂಬಾಗಿಲಿಂದ ನೇರ ಅಡುಗೆಮನೆಗೆ ಬಂದ. ಅರವತ್ತೆಂಟು ವರ್ಷ, ತಲೆ ಬೋಳು, ಕೈಯಲ್ಲಿ ತನ್ನದೇ ತೋಟದ ಎರಡು ಬಾಟಲಿ. ದೇವರು ಇಷ್ಟು ಕುಳ್ಳಗಿರುತ್ತಾನೆಂದು ನನಗೆ ಗೊತ್ತಿರಲಿಲ್ಲ. ‘ಮೊದಲು ಎರ್ಮೆಸ್ ಜನಾಸಿಯವರ ಜೊತೆ ಮಾತಾಡಬೇಕು’ ಎಂದ. ದೋರಿನಾ ಅಡುಗೆಯವರನ್ನೆಲ್ಲ ಹೊರಗೆ ಕಳಿಸಿ, ತಾನೂ ಒಲ್ಲದ ಮನಸ್ಸಿನಿಂದ ಹೋದಳು. ಎರ್ಮೆಸ್ ನನ್ನ ತೋಳು ಹಿಡಿದುಕೊಂಡು ಒಳಗೆ ಬಂದ. ‘ಇವನೂ ಇರಲಿ, ಇವನು ಅದೇ ಗೂಡಿನವನು. ನೀವು ಹೇಳಿದ್ದು ನನಗೆ ಕೇಳಿಸ್ದೇ ಇದ್ರೆ ಇವನು ಕೂಗಿ ಹೇಳ್ತಾನೆ,’ ಎಂದ. ದೊಡ್ಡ ಪಾತ್ರೆಯಲ್ಲಿ ಮೊಲ ಕುದಿಯುತ್ತಿತ್ತು.

ವೆರ್ದೇರಿ ಕುರ್ಚಿಯ ತುದಿಯಲ್ಲಿ ಕೂತ. ‘ಎರ್ಮೆಸ್ ಅವರೇ, ಬೇಸಿಗೇಲಿ ನನ್ನ ಹೃದಯಕ್ಕೊಂದು ಯಂತ್ರ ಇಟ್ರು. ಇಡೋಕೆ ಮುಂಚೆ ಪಾದ್ರಿ ಹತ್ರ ಪಾಪ ನಿವೇದನೆ ಮಾಡ್ದೆ. ಅವರು, ಇದನ್ನ ನನಗ್ಯಾಕೆ ಹೇಳ್ತೀಯ, ಹೋಗಿ ಆ ಮನುಷ್ಯನಿಗೆ ಹೇಳು ಅಂದ್ರು.’

‘ಹೇಳಿ,’ ಎಂದ ಎರ್ಮೆಸ್. ಕೋಟಿನ ಗುಂಡಿ ಸರಿಮಾಡಿಕೊಂಡ. ಹಾರ ಹಾಕಿಸಿಕೊಳ್ಳಲು ನಿಂತವನ ಹಾಗಿದ್ದ.

‘ಆವತ್ತು ನಾನು ಬಾವುಟಕ್ಕೆ ನಿಧಾನ ಮಾಡಿದ್ದಲ್ಲ. ಗೇರ್ ಮಿಸ್ ಆಯ್ತು. ಕೈ ಬೆವತಿತ್ತು, ಜಾರ್ತು. ಪಟ್ಟ ಕಳೆದದ್ದು ನಾನು. ಟೀಮ್‌ನೋರು ಬಾವುಟ ಅಂದ್ರು, ನಾನು ಸುಮ್ಮನಿದ್ಬಿಟ್ಟೆ. ಒಂದು ದಿನ ಸುಮ್ಮನಿದ್ದೆ, ಆಮೇಲೆ ಒಂದು ವರ್ಷ, ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಮೂವತ್ತೊಂದು ವರ್ಷದಿಂದ ತುಳಿಸಿಕೊಂಡು ಎದುರಿಗೇ ಕೂತಿತ್ತು. ಎರ್ಮೆಸ್ ನನ್ನ ಕಡೆ ತಿರುಗಿದ. ‘ಏನಂದ್ರು? ಗೇರಾ?’

‘ಗೇರು ತಪ್ತಂತೆ,’ ಎಂದು ಕೂಗಿದೆ.

ಎರ್ಮೆಸ್ ವೆರ್ದೇರಿಯನ್ನು ಕೇಳಿದ, ‘ಮೊಲ?’

‘ಮೊಲ ಇತ್ತು! ನಾನು ನೋಡಿದೆ. ಗೇರ್ ಹುಡುಕ್ತಾ ಇದ್ದಾಗ ಎಡಗಡೆಯಿಂದ ದಾಟಿ ಹುಲ್ಲಿಗೆ ಹೋಯ್ತು. ದೊಡ್ಡ ಮೊಲ.’

‘ದೊಡ್ಡದು,’ ಎಂದ ಎರ್ಮೆಸ್, ನನಗೆ. ಮತ್ತೆ ಅವನ ಕಡೆ ತಿರುಗಿ, ‘ಬಾವುಟ?’

ವೆರ್ದೇರಿ ತಲೆ ತಗ್ಗಿಸಿದ. ‘ಬಾವುಟ ನೋಡ್ಲಿಲ್ಲ. ಅದು ಇತ್ತು ಅಂತ ಗೊತ್ತಾದದ್ದೇ ಸಾಯಂಕಾಲ ಟಿವೀಲಿ.’

ಎರ್ಮೆಸನ ಮುಖ ನಾನು ಐವತ್ತು ವರ್ಷದಿಂದ ಹೆರೆದ ಮುಖ. ಊರು ಬೈದಾಗ ಅದು ಕೆಂಪಾದದ್ದನ್ನು ನೋಡಿಲ್ಲ. ಈಗ ಕಿವಿಯವರೆಗೂ ಕೆಂಪಾಯಿತು.

‘ಮೊಳದುದ್ದದ ಮೊಲ ಕಂಡ್ತು ನಿಮಗೆ,’ ಎಂದ. ‘ಆಳುದ್ದದ ಕೋಲಿಗೆ ಕಟ್ಟಿದ ಹಳದಿ ಬಟ್ಟೆ ಕಾಣಿಸ್ಲಿಲ್ಲ! ನಾನು ಎರಡೂ ಕೈಲಿ ಬೀಸ್ತಾ ಇದ್ದೆ ಸ್ವಾಮಿ! ಎರಡೂ ಕೈಲಿ! ಹಳದಿ ನೋಡದೆ ಹೋದೋನಿಗೆ ಏನು ಶಿಕ್ಷೆ ಗೊತ್ತಾ?’

‘ಗೊತ್ತು,’ ಎಂದ ವೆರ್ದೇರಿ.

‘ಆವತ್ತೇ ಗೊತ್ತಾಗಿದ್ರೆ ನಿಮ್ಮ ಎರಡನೇ ಸ್ಥಾನಾನೂ ಕಿತ್ತುಹಾಕಿಸ್ತಿದ್ದೆ.’

‘ಕಿತ್ತುಹಾಕಬೇಕಿತ್ತು,’ ಎಂದ ವೆರ್ದೇರಿ. ‘ಈಗ ಹೊರಗೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ಗೇರ್ ತಪ್ಪಿದ್ದು ನನ್ನದು, ಮೊಲ ಇದ್ದದ್ದು ನಿಜ, ನಿಮ್ಮ ತಪ್ಪು ಏನೂ ಇಲ್ಲ ಅಂತ. ಇವತ್ತಿಂದ ನಿಮ್ಮನ್ನ ಯಾರೂ ಒಂದು ಮಾತು ಆಡಬಾರದು.’

ಅವನು ಎದ್ದ. ಎರ್ಮೆಸ್ ಅವನ ತೋಳು ಹಿಡಿದ. ಟೈಲ್ಸ್ ಹಿಡಿದ ಕೈ, ಗಟ್ಟಿ ಹಿಡಿತ. ‘ಕೂತ್ಕೊಳ್ಳಿ,’ ಎಂದ. ಕೋಪ ಹೋಗಿತ್ತು. ಧ್ವನಿ ಸಣ್ಣಗಾಗಿತ್ತು, ಕಿವುಡರ ಧ್ವನಿ ಅಷ್ಟು ಸಣ್ಣಗಾಗುವುದು ಅಪರೂಪ. ‘ನಿಮ್ಮ ದೊಡ್ಡ ಮಗಳು ಯಾವಾಗ ಹುಟ್ಟಿದ್ದು?’

ವೆರ್ದೇರಿ ಕಕ್ಕಾಬಿಕ್ಕಿಯಾದ. ‘ಮಾರ್ಚ್... ಮಾರ್ಚ್ ಒಂಬತ್ತು.’

‘ಒಂಬತ್ತಲ್ಲ, ಹನ್ನೊಂದು. ಒಂಬತ್ತು ಚಿಕ್ಕೋಳದ್ದು, ಅದು ಜೂನ್. ನಿಮಗೆ ಏನೂ ಸರಿಯಾಗಿ ಕಾಣ್ಸಲ್ಲ.’ ಎರ್ಮೆಸ್ ಉಸಿರು ಬಿಟ್ಟ. ‘ಹೊರಗೆ ಹೋಗಿ ಬಾವುಟ ನೋಡಿದೆ ಅಂತ ಹೇಳಿ. ನೋಡಿ ನಿಧಾನ ಮಾಡಿದೆ ಅಂತ.’

‘ಅಯ್ಯೋ, ಹಾಗಂದ್ರೆ ಪಟ್ಟ ಕಳೆದದ್ದು ನೀವೇ ಅಂತ ಆಗುತ್ತೆ! ಊರು ನಿಮ್ಮನ್ನ ಸಾಯೋವರೆಗೂ ಬಯ್ಯುತ್ತೆ!’

‘ಬಯ್ಯಲಿ. ಬೈಸ್ಕೊಂಡು ಅಭ್ಯಾಸ ಇದೆ. ಯಾರ ಕಣ್ಣಿಗೂ ಬೀಳದ ಬಾವುಟ ಬೀಸಿದೋನು ಅನ್ನಿಸ್ಕೊಂಡು ಅಭ್ಯಾಸ ಇಲ್ಲ.’

ವೆರ್ದೇರಿ ನನ್ನನ್ನು ನೋಡಿದ. ನಾನು ಮೊಲದ ಪಾತ್ರೆ ನೋಡಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಈರುಳ್ಳಿ ಇತ್ತು ಎಂದು ಬೇಕಾದರೆ ಹೇಳಬಹುದು, ಆದರೆ ಈರುಳ್ಳಿ ಆಗಲೇ ಬೆಂದುಹೋಗಿತ್ತು.

‘ಹಾಗಾದ್ರೆ ನಾನು ಇನ್ನೊಂದು ಸಲ ಪಾದ್ರಿ ಹತ್ರ ಹೋಗಬೇಕಾಗುತ್ತೆ,’ ಎಂದ ವೆರ್ದೇರಿ.

‘ಹತ್ತಿರದಲ್ಲೇ ಇದೆ ಚರ್ಚು,’ ಎಂದ ಎರ್ಮೆಸ್.

ವೆರ್ದೇರಿ ಹೊರಗೆ ಹೋಗಿ ಎಲ್ಲರ ಮುಂದೆ ನಿಂತಾಗ ಬಾರು ಪೂಜೆಗೆ ಕೂತವರ ಹಾಗೆ ಸದ್ದಡಗಿತು. ಅವನಿಗೆ ಭಾಷಣ ಬರುತ್ತಿರಲಿಲ್ಲ. ‘ಮೊಲ ಇತ್ತು,’ ಎಂದ. ‘ನಾನೇ ನೋಡಿದೆ. ದೊಡ್ಡದು.’ ಒಂಬತ್ತು ಮೊಲ ತಿನ್ನಲು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಬಾವುಟಾನೂ ನೋಡಿದೆ,’ ಎಂದ. ಅಲ್ಲಿ ಒಂದು ಗುಟುಕು ವೈನು ಕುಡಿದ. ‘ಎರ್ಮೆಸ್ ಜನಾಸಿಯವರು ಎರಡೂ ಕೈಲಿ ಬೀಸ್ತಾ ಇದ್ರು. ಅದು ನೋಡಿ ನಿಧಾನ ಮಾಡಿದೆ. ಇಲ್ಲದೇ ಇದ್ರೆ ಇವತ್ತು ನಾನಿಲ್ಲ, ನನ್ನ ಮಕ್ಕಳೂ ಇಲ್ಲ.’ ಅಷ್ಟು ಹೇಳಿ ಕೂತ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ನನಗೆ ಏನಾಯಿತೋ, ಎದ್ದು ನಿಂತೆ. ‘ನಾನೂ ನೋಡಿದೆ!’ ಎಂದೆ. ‘ಮೊಲಾನ. ಆವತ್ತೇ ಹೇಳಬೇಕಿತ್ತು.’

‘ಕೂತ್ಕೊಳ್ಳೋ,’ ಎಂದ ಎರ್ಮೆಸ್. ‘ನೀನು ಮಾಂಸದ ಚೂರು ಎತ್ತಿಕೊಳ್ತಾ ಇದ್ದೆ.’

ಇಡೀ ಬಾರು ನಕ್ಕಿತು, ನಾನು ಕೂತೆ. ನಗು ನಿಂತ ಮೇಲೆ ಬೇಟೆಗಾರರಲ್ಲಿ ಹಿರಿಯನಾದ ಬ್ರೂನೆತ್ತೊ ಗಂಟಲು ಸರಿಮಾಡಿಕೊಂಡ. ಮೂವತ್ತೊಂದು ವರ್ಷದಿಂದ ತಟ್ಟೆ ಮುಂದಿಟ್ಟು ಗುರುತು ಕೇಳಿದವನು ಅವನೇ. ‘ಅಂದ್ರೆ,’ ಎಂದ, ‘ನಮ್ಮ ಪಟ್ಟ ಕಳೆದದ್ದು ಹಳದೀನೇ ಅಂತ ಈಗ ರುಜುವಾತಾಯ್ತು. ನಾನು ಇಷ್ಟು ವರ್ಷ ಸ್ವಲ್ಪ ಅನುಮಾನದ ಲಾಭ ಕೊಟ್ಟಿದ್ದೆ.’

‘ನಾನೂ ಕೊಟ್ಟಿದ್ದೆ, ನಾನೂ ಕೊಟ್ಟಿದ್ದೆ!’ ಎಂದು ನಾಲ್ಕು ಟೇಬಲ್ಲಿನವರು ಹೌದೆಂದರು. ನಮ್ಮೂರಿನ ಜನ ಹಾಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುತ್ತಾರೆ. ಜೀವ ಉಳಿಯಿತು ಎಂದು ದೇವರೇ ಬಂದು ಹೇಳಿದರೂ, ಸರಿ, ಆದರೆ ಪಟ್ಟ ಹೋಯಿತಲ್ಲ ಎನ್ನುತ್ತಾರೆ. ವೆರ್ದೇರಿ ಎದ್ದು ನಿಜ ಹೇಳಿಬಿಡಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಎರ್ಮೆಸ್ ಮೇಜಿನ ಆಚೆಯಿಂದ ಅವನನ್ನೇ ದಿಟ್ಟಿಸುತ್ತಿದ್ದ, ಬಿರುಕು ಹುಡುಕುವವನ ಹಾಗೆ. ವೆರ್ದೇರಿ ಬಾಯಿ ಮುಚ್ಚಿಕೊಂಡ.

ಬ್ರೂನೆತ್ತೊ ಪದ್ಧತಿ ಬಿಡಲಿಲ್ಲ. ಮೊಲದ ತಟ್ಟೆ ತಂದು ಎರ್ಮೆಸನ ಮುಂದಿಟ್ಟ. ‘ಇದೇನಾ ನೋಡು, ಗುರುತು ಸಿಗುತ್ತಾ?’

‘ಅದು ಇದಕ್ಕಿಂತ ದೊಡ್ಡದಿತ್ತು,’ ಎಂದ ಎರ್ಮೆಸ್. ‘ಬೇಕಾದ್ರೆ ಅವರನ್ನೇ ಕೇಳು.’ ತಟ್ಟೆ ಸರಿಸಿ ಟೊರ್ಟೆಲ್ಲೀನಿ ಸಾರು ತರಿಸಿಕೊಂಡ. ಎರಡು ಬಟ್ಟಲು ಕುಡಿದ. ಉಪ್ಪು ಜಾಸ್ತಿ ಎಂದು ದೋರಿನಾಳ ಜೊತೆ ಜಗಳವಾಡಿದ.

ಊಟ ಮುಗಿಸಿ ಹೊರಟಾಗ ವಿಲ್ಮಾ ಅವನ ಕೈ ಹಿಡಿದಿದ್ದಳು. ಅವನಿಗೆ ನಿಜ ಗೊತ್ತಿತ್ತು. ನನಗೂ, ವೆರ್ದೇರಿಗೂ ಗೊತ್ತಿತ್ತು. ಮನೆಗೆ ಹೋಗಿ ಆ ಬಿಸ್ಕತ್ತಿನ ಡಬ್ಬವನ್ನು ಅವನು ಏನು ಮಾಡಿದನೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಬೀದಿ ತಿರುವಿನಲ್ಲಿ ಬ್ರೂನೆತ್ತೊ ಹಿಂದಿನಿಂದ ಕೂಗಿದ, ‘ಲೇ ಹಳದಿ! ಟೋಪಿ ಮರೆತೆ ಕಣೋ!’

ಎರ್ಮೆಸ್ ನಿಂತ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಆ ಹೆಸರಿಗೆ ತಿರುಗಿದ.

‘ಏನೋ?’ ಎಂದ.